ಸುಣ್ಣ ಹಿಡಿಯದ ಮುಖ

ಹೊಸಪೇಟೆಯ ನಮ್ಮ ಓಣಿಯಲ್ಲಿ ಮೊನ್ನೆ ಎದುರುಮನೆಯವರು ಕಾಂಪೌಂಡಿಗೆ ಸುಣ್ಣ ಬಳಿಸುತ್ತಿದ್ದರು. ನೀರು ಬಿದ್ದ ಸುಣ್ಣದ ಹರಳು ಬುಸುಗುಟ್ಟಿ ಅರಳುವಾಗ ಏಳುವ ಆ ವಾಸನೆ, ಬೆಂದ ಕಲ್ಲಿನದು, ಬಿಸಿ ಹಬೆಯದು, ಕಿಟಕಿಯಿಂದ ಒಳಗೆ ಬಂತು. ಓದುತ್ತಿದ್ದ ಪುಸ್ತಕವನ್ನು ಮಡಚಿಟ್ಟೆ. ಎಪ್ಪತ್ತು ದಾಟಿದ ಮೇಲೂ ನನ್ನ ಮೂಗು ಆ ವಾಸನೆಯ ಹಿಂದೆ ಹರಳೆಣ್ಣೆಯ ವಾಸನೆಯನ್ನು ಹುಡುಕುತ್ತದೆ. ಎರಡೂ ಕೂಡಿದರೆ ಮಾತ್ರ ನನ್ನ ಅಜ್ಜಿ ಬರುತ್ತಾಳೆ. ಅವಳ ಬೆನ್ನಿಗೇ ಕಂಪ್ಲಿಯ ಆ ಕಲ್ಲೂ ಬರುತ್ತದೆ.

ಕಂಪ್ಲಿ ಕೋಟೆಯ ಬುಡದಲ್ಲಿ, ಹೊಳೆಗೆ ಬೆನ್ನು ಮಾಡಿಕೊಂಡು ನಮ್ಮ ಮನೆಯಿತ್ತು. ನಮ್ಮದು ಸುಣ್ಣ ಸುಡುವ ಮನೆತನ. ಹಿತ್ತಲಿನ ಭಟ್ಟಿ ಹೊತ್ತಿತೆಂದರೆ ಹಾಸಿಗೆ, ಪಾತ್ರೆ, ನಮ್ಮ ರೆಪ್ಪೆಗೂದಲುಗಳ ಮೇಲೂ ತೆಳ್ಳಗೆ ಬಿಳಿಪುಡಿ ಕೂರುತ್ತಿತ್ತು. ಅಷ್ಟೊಂದು ಬಿಳುಪಿನ ನಡುವೆ ಅಜ್ಜಿ ಮಾತ್ರ ಕಾಡಿಗೆಯಂತೆ ಕಪ್ಪು. ಅವಳ ಕೂದಲು ಬಾಚಣಿಗೆಯ ಹಲ್ಲು ಮುರಿಯುವಷ್ಟು ಗುಂಗುರು. ಆ ಕೂದಲು ಇಡೀ ಮನೆಯಲ್ಲಿ ನನಗೊಬ್ಬಳಿಗೇ ಬಂದಿತ್ತು. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಹೆಂಗಸರು ಅವಳನ್ನು ಕೆಣಕುತ್ತಿದ್ದರು: “ಏನ್ ಹಬಸೆವ್ವಾ, ಸುಣ್ಣದ ಮನ್ಯಾಗ ಬಾಳ್ವೆ ಮಾಡಿದ್ರೂ ಬೆಳ್ಳಗಾಗ್ಲಿಲ್ಲಲ್ಲ?” ಅಜ್ಜಿ ಸೀರೆ ಹಿಂಡುತ್ತಲೇ ಅನ್ನುತ್ತಿದ್ದಳು: “ಸುಣ್ಣ ಗ್ವಾಡಿಗೆ ಹಚ್ಚೋದಬೇ, ಮಾರಿಗಲ್ಲ.”

ಕೋಟೆಯ ಹೊಳೆಬಾಗಿಲ ಪಕ್ಕದಲ್ಲಿ ಮುಖ ಕೆತ್ತಿದ, ಸೊಂಟದೆತ್ತರದ ಒಂದು ಕಲ್ಲು ನಿಂತಿತ್ತು. ಊರವರ ಪಾಲಿಗೆ ಅದು ಕರಿರಕ್ಕಸ. ರಾಜರ ಕಾಲದಲ್ಲಿ ಹೊಳೆ ದಾಟುವವರನ್ನು ನುಂಗುತ್ತಿದ್ದನಂತೆ. ಮಂತ್ರ ಹಾಕಿ ಕಲ್ಲಾಗಿಸಿದರಂತೆ. ವರ್ಷಕ್ಕೊಮ್ಮೆ ಮಹಾಲಯ ಅಮಾವಾಸ್ಯೆಯಂದು ಮೈತುಂಬ ಸುಣ್ಣ ಬಳಿದರೆ ಕಣ್ಣು ಮುಚ್ಚಿಕೊಂಡಿರುವನಂತೆ. ಆ ಕೆಲಸ ನಮ್ಮ ಮನೆಯದು, ಮನೆಯೊಳಗೆ ಅಜ್ಜಿಯದು. ಸುಣ್ಣದ ಮಡಕೆ ಹಿಡಿದು ನಾನು ಅವಳ ಜೊತೆ ನಿಲ್ಲುತ್ತಿದ್ದೆ, ಕಣ್ಣು ಬಿಗಿಯಾಗಿ ಮುಚ್ಚಿ. ವರ್ಷಗಟ್ಟಲೆ ಬಳಿದ ಸುಣ್ಣದಿಂದ ಕಲ್ಲು ಕಂಬಳಿ ಹೊದ್ದವರಂತೆ ದಪ್ಪಗಾಗಿತ್ತು. ಮುಖ ಮಾತ್ರ ಹಾಗಾಗಿರಲಿಲ್ಲ. ಹಿಂದಿನ ವರ್ಷ ಮುಖದ ಮೇಲೆ ಹಾಸಿ ಸುಣ್ಣ ಬಳಿದಿದ್ದ ಹಳೆಯ ಪಂಚೆಯ ತುಂಡನ್ನು ಅಜ್ಜಿ ಪರಪರನೆ ಕಿತ್ತು ತೆಗೆಯುತ್ತಿದ್ದಳು. ಆಮೇಲೆ ಹರಳೆಣ್ಣೆಯ ವಾಸನೆ, ಹೆಬ್ಬೆರಳು ಕಲ್ಲಿನ ಮೇಲೆ ನಿಧಾನ ಜಾರುವ ಸದ್ದು. “ಕಣ್ಣು ತಗಿ, ಏನೂ ಮಾಡಂಗಿಲ್ಲ,” ಅನ್ನುತ್ತಿದ್ದಳು. ನಾನು ಒಮ್ಮೆಯೂ ತೆಗೆಯಲಿಲ್ಲ. ಹೊಸ ಬಟ್ಟೆ ಹಾಸಿ ಅದರ ಮೇಲೆ ಸುಣ್ಣ ಬಳಿದ ನಂತರವೇ ಊರು ನೋಡಲು ಬರುತ್ತಿತ್ತು.

ನನಗೆ ಒಂಬತ್ತು ವರ್ಷವಾಗಿದ್ದಾಗ ಓಣಿಯ ಮಕ್ಕಳು ಒಬ್ಬರ ಹಿಂದೊಬ್ಬರು ಜ್ವರ ಹಿಡಿದು ಮಲಗಿದರು. ರಕ್ಕಸ ಕಣ್ಣು ಬಿಟ್ಟಿದ್ದಾನೆಂದು ಜನ ಗುಸುಗುಸು ಮಾಡಿದರು. ಹೆದರಿಕೆಯಲ್ಲಿ ನಾನು ದೊಡ್ಡಪ್ಪನ ಮುಂದೆ ಬಾಯಿಬಿಟ್ಟೆ: “ಮಾರಿಗೆ ಸುಣ್ಣಾನೇ ಇಲ್ಲ ದೊಡ್ಡಪ್ಪಾ. ಅರಿವಿ ಹಾಸ್ಯಾಳ ಅಜ್ಜಿ.” ದೊಡ್ಡಪ್ಪ ಹೋಗಿ ಬಟ್ಟೆ ಹರಿದು, ಬರಿಯ ಮುಖಕ್ಕೆ ಮೂರು ಸಲ ದಪ್ಪಗೆ ಸುಣ್ಣ ಮೆತ್ತಿದ. ಬೆಳಗಾಗುವಷ್ಟರಲ್ಲಿ ಮುಖ ಮತ್ತೆ ಕಪ್ಪಗಿತ್ತು. ಉದುರಿದ ಸುಣ್ಣ ಪುಡಿಯಾಗದೆ, ಮುಖವಾಡದಂತೆ ಇಡಿಯಾಗಿ, ನಮ್ಮ ಮನೆಯ ಕಡೆ ತಿರುಗಿ ಬಿದ್ದಿತ್ತಂತೆ. ಬಾಗಿಲ ಹಿಂದೆ ಅಡಗಿದ್ದ ನಾನು ಅದನ್ನೂ ನೋಡಲಿಲ್ಲ. “ಎಣ್ಣಿ ಕುಡಿದ ಕಲ್ಲು ಸುಣ್ಣ ಹಿಡಿತೈತೇನಲೇ? ಸುಣ್ಣದ ಮನ್ಯಾಗ ಹುಟ್ಟಿ ಇಷ್ಟೂ ತಿಳಿಲಿಲ್ಲೇನು?” ಎಂದು ಅಜ್ಜಿ ದೊಡ್ಡಪ್ಪನ ಮೇಲೆ ಕೂಗಿದಳು. ಸುಣ್ಣದ ಗುಣವನ್ನು ಅಂಗೈಯಂತೆ ಬಲ್ಲ ದೊಡ್ಡಪ್ಪ ಆ ದಿನ ಅದನ್ನು ಮರೆತಿದ್ದ. ಜನ ಕಲ್ಲನ್ನು ಕಿತ್ತು ಹರಗೋಲಿಗೆ ಹೇರಿ ಹೊಳೆಯಲ್ಲಿ ಮುಳುಗಿಸಿದರು.

ಅಜ್ಜಿ ನನ್ನನ್ನು ಬೈಯಲಿಲ್ಲ. ಸಂಜೆ ತಲೆಗೆ ಎಣ್ಣೆ ಹಚ್ಚುತ್ತಾ ಇಷ್ಟೇ ಕೇಳಿದಳು: “ನಿನ್ನ ಮಾರಿ ಇದ್ದಂಗ ಇತ್ತಲ್ಲವ್ವಾ. ಒಂದ್ ಸಲಾನೂ ನೋಡ್ಲಿಲ್ಲೇನು?” ಅವಳ ಹೆಬ್ಬೆರಳು ನನ್ನ ಹುಬ್ಬಿನ ಮೇಲೆ ಬಹಳ ಹೊತ್ತು ನಿಂತಿತ್ತು.

ಸಿಮೆಂಟು ಬಂತು, ಭಟ್ಟಿ ಆರಿತು. ಅಜ್ಜಿ, ದೊಡ್ಡಪ್ಪ, ಕೊನೆಗೆ ಮನೆಯ ಗೋಡೆಗಳೂ ಹೋದವು. ಏಳನೆಯ ಇಯತ್ತೆಗೇ ಶಾಲೆ ಬಿಟ್ಟ ನಾನು ಹಳೆಯ ಲಿಪಿಯನ್ನು ಒಬ್ಬಳೇ ಕುಳಿತು ಕಲಿತೆ. ಹಂಪಿಯಲ್ಲಿ ಗೈಡುಗಳ ಹಿಂದೆ ತಿರುಗಿದೆ, ಸಂಡೂರಿನ ಬೆಟ್ಟದ ಗುಡಿಗಳಲ್ಲಿ ಕಲ್ಲು ತಡವಿದೆ. ರಾಜರ ಕಾಲದಲ್ಲಿ ಹಡಗು ಇಳಿದು ಬಂದ ಕುದುರೆಗಳ ವಿಷಯ ಎಲ್ಲ ಪುಸ್ತಕಗಳಲ್ಲೂ ಇದೆ. ಅದೇ ಕಡಲು ದಾಟಿ ಆಫ್ರಿಕಾದಿಂದ ಬಂದ, ಮಾರಾಟವಾಗಿ ಬಂದ, ಕತ್ತಿ ಹಿಡಿದು ಕೋಟೆ ಕಾದ ಹಬಸಿಗಳಿಗೆ ಸಿಕ್ಕಿದ್ದು ಒಂದೆರಡು ಸಾಲು. ಉಳಿದವರನ್ನು ನಾವು ರಕ್ಕಸರೆಂದು ಕರೆದು ಸುಣ್ಣ ಬಳಿದೆವೇ? ಒಮ್ಮೆ ಯಲ್ಲಾಪುರದ ಬಸ್‌ಸ್ಟ್ಯಾಂಡಿನಲ್ಲಿ ಅದೇ ಮೂಲದ ಸಿದ್ದಿ ಹೆಂಗಸೊಬ್ಬಳು ನನ್ನ ಕೂದಲನ್ನೇ ನೋಡಿ, “ನೀವು ನಮ್ಮ ಪೈಕಿಯೇನ್ರಿ?” ಎಂದು ಕೇಳಿದಳು. ಅವಳ ಹಣೆ ಅಜ್ಜಿಯ ಹಣೆಯೇ ಆಗಿತ್ತು. ನನ್ನ ಬಳಿ ಶಾಸನವಿಲ್ಲ. ಈ ಕೂದಲಿದೆ, ಅಜ್ಜಿಯ ಒಂದು ಮಾತಿದೆ. ಇಷ್ಟರಿಂದ ಏನೂ ಸಿದ್ಧವಾಗದೆಂದು ಯಾರೂ ನನಗೆ ಹೇಳಿಕೊಡಬೇಕಿಲ್ಲ.

ಆದರೂ ಪ್ರತಿ ಬೇಸಿಗೆ, ಡ್ಯಾಮಿನಿಂದ ನೀರು ನಿಂತು ಹೊಳೆ ಬತ್ತಿದಾಗ, ಒಂದು ಡಬ್ಬಿ ಸುಣ್ಣ, ಒಂದು ಸಣ್ಣ ಶೀಶೆ ಹರಳೆಣ್ಣೆ ಹಿಡಿದು ಕಂಪ್ಲಿಗೆ ಹೋಗುತ್ತೇನೆ. ತಲೆಯೆತ್ತಿದ ಬಂಡೆಗಳಿಗೆಲ್ಲ ಒಂದೊಂದು ಪಟ್ಟೆ ಬಳಿದು, ಮರುದಿನ ನೋಡುತ್ತೇನೆ, ಯಾವುದು ಸುಣ್ಣ ಬಿಟ್ಟಿದೆ ಎಂದು. ಇಷ್ಟು ವರ್ಷ ನೀರು ತೊಳೆದ ಕಲ್ಲಿನಲ್ಲಿ ಎಣ್ಣೆ ಉಳಿಯದೆಂಬುದು ನನಗೂ ಗೊತ್ತು. ಮೀನು ಹಿಡಿಯುವ ಹುಡುಗಿಯರು “ಸುಣ್ಣದಜ್ಜಿ ಬಂದ್ಳು” ಎಂದು ನಗುತ್ತಾರೆ.

ಹೋದ ಬೇಸಿಗೆಯಲ್ಲಿ ಒಂದು ಕಲ್ಲು ಸುಣ್ಣ ಬಿಟ್ಟಿತ್ತು. ಮರಳಿನಲ್ಲಿ ಅರ್ಧ ಹೂತ ಕಲ್ಲು. ಬಿಳಿ ಪಟ್ಟೆಯ ನಡುವೆ ಅಂಗೈ ಅಗಲದಷ್ಟು ಕಪ್ಪು. ಉದುರಿದ ಸುಣ್ಣ ಪಕ್ಕದಲ್ಲಿ ಒಡೆಯದೆ ಬಿದ್ದಿತ್ತು. ಕಣ್ಣಿಲ್ಲ, ಮೂಗಿಲ್ಲ, ಎಲ್ಲವನ್ನೂ ಹೊಳೆ ಸವೆಸಿತ್ತು. ಮೇಲಂಚಿನಲ್ಲಿ ಮಾತ್ರ ಬೆರಳಿಗೆ ಸಣ್ಣ ಸಣ್ಣ ಸುರುಳಿಗಳು ತಾಕಿದವು, ಸಾಲುಸಾಲಾಗಿ. ನೀರಿನ ಕೆಲಸವೂ ಇರಬಹುದು. ಬೇರೆಯವರು ಹೇಳಿದ್ದರೆ ನಾನೇ ನಂಬುತ್ತಿರಲಿಲ್ಲ. ಕಣ್ಣು ತೆರೆದುಕೊಂಡೇ ಹೆಬ್ಬೆರಳಿನಿಂದ ಹರಳೆಣ್ಣೆ ಸವರಿದೆ. ಆಮೇಲೆ ಮರಳು ಮುಚ್ಚಿ ಎದ್ದು ಬಂದೆ. ಯಾವ ದಂಡೆ, ಯಾವ ಮಡು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಒಂದು ಸಲ ಹೇಳಿದ ಬಾಯಿ ಇದು.