ಹದಿನೆಂಟು ಕೊಟ್ಟೋನು ಯಾರು?

ರುದ್ರಣ್ಣನವರು ಯಾರನ್ನೂ ನಂಬುತ್ತಿರಲಿಲ್ಲ. ನಾನು ಕೊಟ್ಟ ಟೀಯನ್ನೂ ಮೂಸಿ ನೋಡಿಯೇ ಕುಡಿಯುತ್ತಿದ್ದರು. ಚಳ್ಳಕೆರೆಯ ಎಣ್ಣೆ ಮಿಲ್ಲೊಂದಕ್ಕೆ ಶೇಂಗಾ ಆರಿಸಿಕೊಡುವುದು ಅವರ ಕೆಲಸ. ಚೀಲದ ಬಾಯಲ್ಲಿರುವ ಕಾಯಿ ಮುಟ್ಟುತ್ತಲೇ ಇರಲಿಲ್ಲ. ಮೊಳಕೈವರೆಗೆ ಕೈ ತೂರಿಸಿ, ತಳದಿಂದ ತೆಗೆದು, ಸುಲಿದು, ಕಚ್ಚಿ ನೋಡಬೇಕು. "ಮೇಲಿರೋದೆಲ್ಲ ತೋರ್ಸಾಕೆ ಕಣವ್ವ" ಎನ್ನುತ್ತಿದ್ದರು.

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನಾನು ಅಲ್ಲಿನ ಕಂಪ್ಯೂಟರ್ ಸೆಂಟರೊಂದರಲ್ಲಿ ಟೈಪಿಂಗ್ ಹೇಳಿಕೊಡುತ್ತಿದ್ದೆ. ಓದಿದ್ದು ಪಿಯುಸಿ, ಅದೂ ಫೇಲು. ಸಂಜೆ ಮಿಲ್ಲು ಬಿಟ್ಟ ಮೇಲೆ ರುದ್ರಣ್ಣ ಬಂದು ಕಂಪ್ಯೂಟರಿನಲ್ಲಿ ಫುಟ್‌ಬಾಲ್ ತಂಡ ನಡೆಸುವ ಆಟಕ್ಕೆ ಕೂರುತ್ತಿದ್ದರು. ಅದರಲ್ಲಿ ಚೆಂಡು ಒದೆಯುವಂತಿಲ್ಲ; ಯಾರನ್ನು ಕೊಳ್ಳಬೇಕು, ಯಾರನ್ನು ಇಳಿಸಬೇಕು ಎಂದು ಹೇಳಬೇಕು, ಅಷ್ಟೆ. ಪ್ರತಿ ಆಟಗಾರನ ಮುಂದೆ ಇಪ್ಪತ್ತಕ್ಕೆ ಇಷ್ಟು ಎಂದು ಅಂಕ ಇರುತ್ತಿತ್ತು. ವಿದೇಶಿ ಹೆಸರುಗಳು ಅವರ ನಾಲಿಗೆಗೆ ಹೊರಳುತ್ತಿರಲಿಲ್ಲ. ಶೇಂಗಾ ಮಾಲನ್ನು ಅದು ಬಂದ ಊರಿನ ಹೆಸರಿನಲ್ಲಿ ಕರೆದು ರೂಢಿಯಾದವರು ಆಟಗಾರರಿಗೂ ಅದನ್ನೇ ಇಟ್ಟಿದ್ದರು: ಗೌರಸಮುದ್ರ, ನಾಯಕನಹಟ್ಟಿ, ಬಿ.ಜಿ. ಕೆರೆ.

ಗೋಲು ಹೊಡೆಯುವುದರಲ್ಲಿ ಗೌರಸಮುದ್ರಕ್ಕೆ ಹದಿನೆಂಟು, ಬಿ.ಜಿ. ಕೆರೆಗೆ ಒಂಬತ್ತು.

"ಈ ಹದಿನೆಂಟು ಕೊಟ್ಟೋನು ಯಾರವ್ವಾ? ಇವನ ಸೋದರಮಾವ ಇರ್ಬೇಕು."

ಆರು ಪಂದ್ಯ ಕಾದರು. ಗೌರಸಮುದ್ರ ಹೊಡೆದದ್ದು ಒಂದು ಗೋಲು, ಬದಲಿಯಾಗಿ ಇಳಿದ ಬಿ.ಜಿ. ಕೆರೆ ಐದು. ಹದಿನೆಂಟರವನನ್ನು ಬೆಂಚಿಗೆ ಕೂರಿಸಿ ಕಪ್ ಗೆದ್ದರು. ಗೆದ್ದ ಮೇಲೂ ಅನುಮಾನವೇ: "ಕಂಪ್ಯೂಟ್ರು ಬೇಕಂತ ಬಿಟ್ಕೊಡ್ತೇನೋ!"

ಅಷ್ಟರಲ್ಲಿ ಸೆಂಟರಿನ ಯಜಮಾನರು, ಡಿಪ್ಲೊಮಾ ಮಾಡಿದ ಪ್ರಕಾಶ ಎಂಬಾತನನ್ನು ನನ್ನ ಜಾಗಕ್ಕೆ ತರುತ್ತೇನೆಂದರು. ಕೆಲಸ ಹೋದರೆ ಅಪ್ಪ ತೋರಿಸಿದವನಿಗೆ ಕುತ್ತಿಗೆ ಒಡ್ಡಬೇಕಿತ್ತು. ನಾನು ಹೆದರಿಹೋದೆ. ರುದ್ರಣ್ಣ ನಡುವೆ ಬಾಯಿ ಹಾಕಿದರು.

"ಸಾವ್ಕಾರ್ರೇ, ಸರ್ಟಿಫಿಕೇಟ್ ನೋಡಿ ತಗಂಬ್ಯಾಡ್ರಿ. ಇಬ್ರಿಗೂ ಒಂದೊಂದು ವಾರ ಕ್ಲಾಸ್ ಕೊಡ್ರಿ. ನಾನು ಕುಂತು ನೋಡ್ತೀನಿ."

ಇನ್ನೇನು, ನಾನು ಗೆದ್ದೆ ಎಂದುಕೊಂಡೆ. ಎರಡು ವಾರ ಕಳೆದ ಮೇಲೆ ಅವರು ನನ್ನ ಮುಖ ನೋಡದೆ ಯಜಮಾನರಿಗೆ ಹೇಳಿದರು:

"ಪ್ರಕಾಶನ ಹತ್ರ ಮಂದಿ ಜಲ್ದಿ ಕಲಿತರು. ಈ ನಮ್ಮವ್ವ, ಯಾರಾದ್ರೂ ತಪ್ಪಿದ್ರೆ ತಾನೇ ಟೈಪ್ ಮಾಡಿ ಕೊಟ್ಬಿಡ್ತಾಳೆ." ಆಮೇಲೆ ನನ್ನ ಕಡೆ ತಿರುಗಿದರು. "ಮನ್ಸು ನಿನ್ ಕಡೇನೇ ಐತೆ ಕಣವ್ವ. ಕಂಡಿದ್ದು ಹೇಳ್ಬೇಕಲ್ಲ."

ಕೆಲಸ ಹೋಯಿತು. ಯಜಮಾನರೂ ರುದ್ರಣ್ಣನವರೂ ಮೊದಲೇ ಮಾತಾಡಿಕೊಂಡಿದ್ದರು ಎಂದು ಬಹಳ ಕಾಲ ಅನುಮಾನಪಟ್ಟೆ. ಎದುರು ಸಿಕ್ಕರೆ ರಸ್ತೆ ದಾಟಿ ಹೋಗುತ್ತಿದ್ದೆ. ಮದುವೆಯಾಗಿ ಮೊಳಕಾಲ್ಮೂರಿಗೆ ಬಂದು, ಗಂಡನ ಸೀರೆ ಅಂಗಡಿಯಲ್ಲಿ ಕೂತ ಮೇಲೂ ಆ ಸಿಟ್ಟು ಆರಿರಲಿಲ್ಲ.

ಒಂದು ಮಧ್ಯಾಹ್ನ ರುದ್ರಣ್ಣ ಅಂಗಡಿಗೆ ಬಂದರು. ಮಗಳಿಗೆ ರೇಷ್ಮೆ ಸೀರೆ ಬೇಕಿತ್ತು. ಒಂದನ್ನು ಮುಂದಿಟ್ಟು, ಚೆನ್ನಾಗಿದೆ ಎಂದೆ. ಮಡಿಕೆ ಬಿಚ್ಚಲು ಹೋದರೆ ತಡೆದರು.

"ಬ್ಯಾಡ ಬಿಡವ್ವ. ನೀನು ಹೇಳಿದ್ಮ್ಯಾಲೆ ಮುಗೀತು."

ಅವರ ಬಾಯಲ್ಲಿ ಅಂಥ ಮಾತು ಯಾರೂ ಕೇಳಿರಲಾರರು. ಆದರೂ ಬಿಚ್ಚಿದೆ. ಸೆರಗಿನ ಒಳಮಗ್ಗುಲಲ್ಲಿ ಒಂದು ಎಳೆ ಕಿತ್ತಿತ್ತು. ನಾನೇ ಅದನ್ನು ಅವರಿಗೆ ತೋರಿಸಿದೆ. ಬೇರೆ ಸೀರೆ ಕೊಟ್ಟು ಬಸ್ಸು ಹತ್ತಿಸಿ ಬಂದೆ.

ಅವರು ತೀರಿಕೊಂಡ ಸುದ್ದಿ ಬಂದಾಗ ಆ ಎಳೆ ಕಿತ್ತ ಸೀರೆ ಇನ್ನೂ ಅಂಗಡಿಯಲ್ಲೇ ಇತ್ತು. ಅದನ್ನು ನಾನೇ ಉಟ್ಟುಕೊಂಡು ಚಳ್ಳಕೆರೆಗೆ ಹೋದೆ.