ಶಾಂಘೈ ಮೆಟ್ಟಿಲ ಮೇಲಿನ ಭಂಡಾರ

ಬೀಳಗಿ ತಾಲ್ಲೂಕಿನಲ್ಲಿ ಊರು ಮುಳುಗಡೆಯಾದವರ ಆ ಪುನರ್ವಸತಿ ಕೇಂದ್ರದಲ್ಲಿ ಯಲ್ಲಾಲಿಂಗನನ್ನು ಈಗಲೂ ‘ಚೀನಾ ಯಲ್ಲ್ಯಾ’ ಎಂದೇ ಕರೆಯುತ್ತಾರೆ. ನೆಲಕ್ಕೆ ಫರಸಿ ಕಲ್ಲು ಕೂರಿಸುವುದು ಅವನ ಕೆಲಸ. ಹೊಸ ಮನೆ ಕಟ್ಟಿಸುವವರಿಗೆಲ್ಲ ಅವನು ಒಂದು ಮಾತು ಹೇಳದೆ ಬಿಡುವುದಿಲ್ಲ: “ಮೆಟ್ಟಲಕ್ಕ ನುಣುಪು ಕಲ್ಲ ಬ್ಯಾಡ್ರೀ. ಒರಟ ಇರಲಿ.”

“ಚೀನಾ ನೋಡಿ ಬಂದಾಂವ ಮುತ್ತ್ಯಾನ ಕಾಲದ ಕಲ್ಲ ಹಾಕ್ಸು ಅಂತಾನಲ್ಲೋ!” ಎಂದು ಅವರು ನಗುತ್ತಾರೆ. ಅವನು ನಗುವುದಿಲ್ಲ.

ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಊರು ಮುಳುಗಿದಾಗ ಯಲ್ಲಾಲಿಂಗ ಇನ್ನೂ ಕನ್ನಡ ಸಾಲೆಯ ಹುಡುಗ. ತಮ್ಮ ಸಂಜು ಅವ್ವನ ಕಂಕುಳಲ್ಲಿದ್ದ. ಕುರಿ ಮೇಯಿಸುವ ದಂಡೆಯೆಲ್ಲ ನೀರಾದ ಮೇಲೆ ಅಪ್ಪ ಗಿರಮಲ್ಲಪ್ಪ ಹಿಂಡನ್ನು ಮಾರಿ, ಮನೆಮಂದಿಯನ್ನು ಕಟ್ಟಿಕೊಂಡು ಗೋವೆಗೆ ಗೌಂಡಿ ಕೆಲಸಕ್ಕೆ ಹೋದ. ಅಲ್ಲಿ ಕಡಲ ದಂಡೆಯ ಹತ್ತಿರ ಪರದೇಶದವರು ಸ್ಕೇಟ್‌ಬೋರ್ಡ್ ಆಡಲು ಸಿಮೆಂಟಿನ ದೊಡ್ಡ ಗುಂಡಿಯೊಂದನ್ನು ಕಟ್ಟಿಸಿದರು. ಅದಕ್ಕೆ ಗಿಲಾವು ಮಾಡಿದವನು ಗಿರಮಲ್ಲಪ್ಪ; ಮೊದಲ ದಿನವೇ ಅದರಲ್ಲಿ ಜಾರಿಬಿದ್ದವರು ಅವನ ಮಕ್ಕಳು. ಯಾರೋ ಒಬ್ಬ ಪುಣ್ಯಾತ್ಮ ತನ್ನ ಹಳೆಯ ಬೋರ್ಡನ್ನು ಅವರಿಗೆ ಕೊಟ್ಟ.

ಯಲ್ಲಾಲಿಂಗ ಮೊದಲು ಕಲಿತ. ಸಂಜು ಅವನನ್ನು ಬೇಗ ಹಿಂದೆ ಹಾಕಿದ. ಅಣ್ಣನಿಗೆ ಅದರಿಂದ ಹೊಟ್ಟೆಕಿಚ್ಚಾಗಲಿಲ್ಲ. ಬೋರ್ಡಿನ ಮೇಲೆ ತಮ್ಮ ಗಾಳಿಗೆ ಹಾರಿದಾಗಲೆಲ್ಲ ತಾನೇ ಹಾರಿದಂತೆ ಅವನ ಎದೆ ಮೇಲೇಳುತ್ತಿತ್ತು.

ಊರಿಗೆ ಬಂದಾಗ ಇಬ್ಬರಿಗೂ ಪುನರ್ವಸತಿ ಕೇಂದ್ರದ ಅಗಲವಾದ, ಮನೆಗಳಿಲ್ಲದ ರಸ್ತೆಗಳೇ ಮೈದಾನ. ಅವ್ವ ಮಾಯವ್ವ ಬಾಗಿಲಲ್ಲಿ ನಿಂತು ಕೂಗುತ್ತಿದ್ದಳು: “ಆ ಗಾಲಿ ಹಲಗಿ ಬಿಟ್ಟು ಒಳಗ ಬರ್ರಿಲೇ! ಕುರಿ ಕಾಯೋರ ಹೊಟ್ಟ್ಯಾಗ ಮಂಗ್ಯಾ ಹುಟ್ಟ್ಯಾವು!”

ಗೋವೆಯ ಸ್ಕೇಟಿಂಗ್ ಕ್ಲಬ್ಬಿನವರು ಈ ಅಣ್ಣತಮ್ಮಂದಿರನ್ನು ಶಾಂಘೈಗೆ ಕರೆದೊಯ್ಯಲು ನಿರ್ಧರಿಸಿದ್ದು 2015ರಲ್ಲಿ. ಆ ದೊಡ್ಡ ಪಟ್ಟಣದ ಬೀದಿಗಳಲ್ಲಿ ಆಡಬೇಕು, ಅದರ ಚಿತ್ರೀಕರಣ ನಡೆಯಬೇಕು. ಸಂಜು ಚೆನ್ನಾಗಿ ಮಾಡಿದರೆ ಅವನನ್ನು ದೇಶ ದೇಶ ಸುತ್ತುವ ತಂಡಕ್ಕೆ ಸೇರಿಸಿಕೊಳ್ಳುವ ಮಾತೂ ಆಗಿತ್ತು.

ಹೊರಡುವ ದಿನ ಮಾಯವ್ವ ಹಿರಿಯ ಮಗನನ್ನು ಪಕ್ಕಕ್ಕೆ ಕರೆದಳು. ಸೆರಗಿನ ತುದಿಯಿಂದ ಮನೆದೇವರು ಬೀರಪ್ಪನ ಭಂಡಾರದ ಗಂಟನ್ನು ಬಿಚ್ಚಿ ಅವನ ಅಂಗೈಗಿಟ್ಟಳು. ಹಿಂಡು ಇದ್ದ ಕಾಲದಲ್ಲಿ, ಕುರಿಗಳು ಪರವೂರಿಗೆ ಮೇಯಲು ಹೊರಟರೆ, ಮುಂದಿನ ಟಗರು ಕಾಲಿಡುವ ಜಾಗಕ್ಕೆ ಅವಳೇ ಆ ಅರಿಶಿನದ ಪುಡಿಯನ್ನು ಚೆಲ್ಲುತ್ತಿದ್ದಳು.

“ದೊಡ್ಡ ಜಿಗಿತ ಜಿಗಿಯೂ ಮುಂದ ತಮ್ಮ ಕಾಲಿಡೂ ನೆಲಕ್ಕ ಹಾಕು. ಮರೀಬ್ಯಾಡ. ಅವಗ ಹೇಳಬ್ಯಾಡ, ನಗತಾನ.”

“ಆತು ಬೇ.”

ಶಾಂಘೈಗೆ ಬಂದವರೆಲ್ಲ ಮುಗಿಲು ಮುಟ್ಟುವ ಕಟ್ಟಡ ನೋಡಿದರೆ ಇವರಿಬ್ಬರು ನೆಲ ನೋಡಿದರು. ಎಲ್ಲಿ ನೋಡಿದರೂ ಕನ್ನಡಿಯಂಥ ಕಲ್ಲು, ಉದ್ದನೆಯ ಕಲ್ಲಿನ ಕಟ್ಟೆ, ಮೆಟ್ಟಿಲ ಪಕ್ಕ ಕಬ್ಬಿಣದ ಸರಳು. “ಯಣ್ಣಾ, ಇಷ್ಟ ಕಲ್ಲಿನ್ಯಾಗ ನಮ್ಮೂರಂಥಾವು ಹತ್ತ ಊರು ಕಟ್ಟಬಹುದಿತ್ತಲ್ಲೋ!” ಎಂದ ಸಂಜು. ಕಾವಲುಗಾರರು ಸೀಟಿ ಊದಿದರೆ ಬೋರ್ಡು ಬಗಲಿಗಿಟ್ಟು ಓಡುವುದು, ಮತ್ತೊಂದು ಬೀದಿಗೆ ಹೋಗಿ ಆಡುವುದು. ಸಂಜು ನಗುತ್ತಲೇ ಓಡುತ್ತಿದ್ದ. ಅಷ್ಟು ಖುಷಿಯಾಗಿರುವ ತಮ್ಮನನ್ನು ಯಲ್ಲಾಲಿಂಗ ಅದಕ್ಕೂ ಮೊದಲು ಕಂಡಿರಲಿಲ್ಲ.

ಸಂಜು ದೊಡ್ಡ ಜಿಗಿತಕ್ಕೆ ಆರಿಸಿಕೊಂಡ ಮೆಟ್ಟಿಲುಗಳು ಒಂದು ಬ್ಯಾಂಕಿನ ಮುಂದಿದ್ದವು. ಎತ್ತರವಾಗಿದ್ದವು. ಸಂಜು ಎರಡು ಸಲ ಜಿಗಿದು, ಕೆಳಗೆ ಬೋರ್ಡಿನ ಮೇಲೆ ನಿಲ್ಲಲಾರದೆ ಉರುಳಿದ. ಅಷ್ಟರಲ್ಲಿ ಕಾವಲುಗಾರ ಒಳಗಿಂದ ಹೊರಟದ್ದು ಗಾಜಿನಲ್ಲಿ ಕಂಡಿತು. ಉಳಿದಿದ್ದು ಇನ್ನೊಂದೇ ಸಲ. ಸಂಜು ದೂರದಿಂದ ಓಡಿಬರಲು ತಿರುಗಿ ಹೋದ. ಯಲ್ಲಾಲಿಂಗ ಗಡಬಡಿಸಿ ಗಂಟು ಬಿಚ್ಚಿ, ಜಿಗಿಯುವ ಜಾಗದಲ್ಲಿ ಹಿಡಿ ತುಂಬ ಭಂಡಾರ ಚೆಲ್ಲಿದ. ಬೀರಪ್ಪಾ, ನನ್ನ ತಮ್ಮನ್ನ ದಾಟಸು ಎಂದು ಬೇಡಿಕೊಂಡ.

ಹಿಂಡು ನಡೆಯುತ್ತಿದ್ದುದು ಮಣ್ಣಿನ ಮೇಲೆ. ಇದು ಕನ್ನಡಿಯಂಥ ಕಲ್ಲು. ಗಾಲಿ ಪುಡಿಯ ಮೇಲೆ ಬಂದದ್ದೇ ಪಕ್ಕಕ್ಕೆ ಸರಕ್ಕನೆ ಜಾರಿತು. ಸಂಜು ಜಿಗಿಯಲೇ ಇಲ್ಲ. ಮೊಣಕಾಲು ಮೆಟ್ಟಿಲು ಮೆಟ್ಟಿಲಿಗೂ ಬಡಿಯುತ್ತ ಕೆಳಗಿನವರೆಗೆ ಉರುಳಿದ.

ಆಸ್ಪತ್ರೆಯಲ್ಲಿ ಎಚ್ಚರವಾದಾಗ ಸಂಜು ತನ್ನ ಅಂಗೈ ನೋಡಿಕೊಂಡ. ಅದು ಹಳದಿಯಾಗಿತ್ತು. ಬಹಳ ಹೊತ್ತು ನೋಡಿದ.

“ಅವ್ವ ಕೊಟ್ಟಿದ್ದಳೇನು?”

“ಹೂಂ.”

“ಅಕೀಗೆ ಹೇಳಬ್ಯಾಡ. ಸತ್ತs ಹೋಗ್ತಾಳ.”

ಇಷ್ಟೇ. ಆಮೇಲೆ ಅವರು ಈ ಮಾತನ್ನು ಮತ್ತೆ ಎತ್ತಲಿಲ್ಲ. ಮೊಣಕಾಲು ಕೂಡಿತು, ಆದರೆ ಮಡಚಲು ಬರುವಂತೆ ಕೂಡಲಿಲ್ಲ.

ಕೋಲೂರಿ ಬಂದ ಸಂಜುವನ್ನು ಕಂಡು ಮಾಯವ್ವ ಅಳಲಿಲ್ಲ. ಹಿರಿಯ ಮಗನ ಕಡೆ ತಿರುಗಿ ಒಂದೇ ಪ್ರಶ್ನೆ ಕೇಳಿದಳು: “ಭಂಡಾರ ಹಾಕಿದ್ಯೋ ಇಲ್ಲೋ?”

ಸಂಜು ಬಾಯಿ ತೆರೆದ. ಅವನಿಗಿಂತ ಮೊದಲೇ ಯಲ್ಲಾಲಿಂಗ ಹೇಳಿಬಿಟ್ಟ: “ಮರತೆನಬೇ.”

ಅವಳು ಅವನ ಕೆನ್ನೆಗೆ ಹೊಡೆದಳು. ಆಮೇಲೆ ಗೋಡೆಗೆ ಒರಗಿ ಕೂತು ಅತ್ತಳು. “ಒಂದ ಹೇಳಿದ್ದೆನಲ್ಲೋ ನಿನಗ. ಒಂದs ಒಂದು.”

ವರ್ಷಗಳು ಕಳೆದಿವೆ. ಸಂಜು ಮನೆಯ ಮುಂದೆ ಮೊಬೈಲ್ ರಿಪೇರಿ ಅಂಗಡಿ ಹಾಕಿದ್ದಾನೆ. ಬೋರ್ಡು ಅಟ್ಟದ ಮೇಲಿದೆ. ಹಿರಿಯ ಮಗನನ್ನು ಇನ್ನು ನಂಬುವಂತಿಲ್ಲವೆಂದು ಮಾಯವ್ವ ತಾನೇ ದಿನಾ ಮುಂಜಾನೆ ಎದ್ದು ಹೊಸಿಲಾಚೆ, ಸಂಜು ಕಾಲಿಡುವ ಫರಸಿಯ ಮೇಲೆ ಭಂಡಾರ ಚೆಲ್ಲುತ್ತಾಳೆ. ಅವಳು ಒಳಗೆ ಹೋದದ್ದೇ ಯಲ್ಲಾಲಿಂಗ ಒದ್ದೆ ಅರಿವೆ ತಂದು, ಕುಕ್ಕರಗಾಲಲ್ಲಿ ಕೂತು ಅದನ್ನು ಒರೆಸುತ್ತಾನೆ.

ಒಂದು ದಿನ ಮಾಯವ್ವ ತಿರುಗಿ ಬಂದು ಕಂಡಳು.

“ಏನ ಜಲ್ಮಲೇ ನಿಂದು! ಹಾಕೂದಂತೂ ನಿನಗ ಆಗಲಿಲ್ಲ. ನಾ ಹಾಕಿದ್ದಾದ್ರೂ ಇರಗೊಡು. ತಮ್ಮನ ಕಾಲ ಹೋದದ್ದು ಸಾಲಲಿಲ್ಲೇನು?”

ಒಳಗಿನಿಂದ ಸಂಜುವಿನ ಕೋಲಿನ ಸಪ್ಪಳ ಬರುತ್ತಿತ್ತು. ಕಲ್ಲಿನ ಸಂದಿಯಲ್ಲಿ ಇನ್ನೂ ಸ್ವಲ್ಪ ಹಳದಿ ಉಳಿದಿತ್ತು. ಯಲ್ಲಾಲಿಂಗ ಅರಿವೆಯನ್ನು ಹಿಂಡಿ ಮತ್ತೆ ಒರೆಸತೊಡಗಿದ.