ದಪ್ಪ ದಂಡಿಯ ಕಿನು

ನನ್ನ ನಾದಿನಿ ಕಿನುವಿನ ಮಾತು ಬಂದರೆ ಹಿರೊಸಾಕಿಯ ಜನ ಈಗ "ನಮ್ಮೂರಿನ ಹೆಮ್ಮೆ" ಎನ್ನುತ್ತಾರೆ. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಅವಳನ್ನು ಬೀದಿಗೆ ನೂಕಿದವರೂ ಇದೇ ಜನ. ನಾನು ಕಣ್ಣಾರೆ ಕಂಡವಳು.

ಕೋಟೆಯ ಕೆಳಗಿನ ಬೀದಿಯಲ್ಲಿ ನಮ್ಮದು ಊರವರು ಕಾಸು ಕೊಟ್ಟು ಮೀಯುವ ಸ್ನಾನದ ಮನೆ. ಯುದ್ಧ ಮುಗಿದ ಮೇಲೆ ನಾನು ಅಲ್ಲಿಗೆ ಸೊಸೆಯಾಗಿ ಬಂದಾಗ ಕಿನುವಿಗೆ ಇನ್ನೂ ಮದುವೆಯಾಗಿರಲಿಲ್ಲ. ಚಿಕ್ಕಂದಿನಿಂದಲೂ ಹಗಿನೊ ಎಂಬ ದೊಡ್ಡ ಗುರುವಮ್ಮನ ಬಳಿ ಮೂರು ತಂತಿಯ ಶಮಿಸೆನ್ ಕಲಿಯುತ್ತಿದ್ದಳು. ಅಲ್ಲಿನದು ನಾಟಕಶಾಲೆಯ ಉದ್ದದ ಹಾಡುಗಳಿಗೆ ನುಡಿಸುವ ಸಣ್ಣ ದಂಡಿಯ ವಾದ್ಯ. ತೆಳುವಾದ ಬೆಕ್ಕಿನ ಚರ್ಮ, ತಂತಿಗಳನ್ನು ಎತ್ತಿ ಹಿಡಿಯುವ ದಂತದ ಕುದುರೆ, ಮೀಟಲು ಗಿಂಕೊ ಎಲೆಯಂತೆ ಅಗಲವಾಗಿ ಬಿರಿದ ದಂತದ ಬಚಿ. ಕೈ ಒರಗುವ ಜಾಗಕ್ಕೆ ಜರಿಯ ಹೊದಿಕೆ. ಕಿನುವಿಗೆ ಶಾಲೆಯ ಬಿರುದು ಸಿಕ್ಕಿತ್ತು. ಗುರುವಮ್ಮನ ಗೋಡೆಯ ಮೇಲೆ ಅವಳ ಹೆಸರಿನ ಮರದ ಪಟ್ಟಿಯೂ ತೂಗುತ್ತಿತ್ತು. ನಮ್ಮ ಮಾವ ಸ್ನಾನಕ್ಕೆ ಬಂದವರಿಗೆಲ್ಲ ಅದನ್ನು ಹೇಳದೆ ಬಿಡುತ್ತಿರಲಿಲ್ಲ.

ಆದರೆ ತಮ್ಮ ಸ್ವಂತ ತಮ್ಮನ ವಿಷಯ ಮಾತ್ರ ಮಾವ ಯಾರಿಗೂ ಹೇಳುತ್ತಿರಲಿಲ್ಲ.

ಯೊಸಾಕು ಚಿಕ್ಕಪ್ಪನಿಗೆ ಸಿಡುಬಿನಲ್ಲಿ ಕಣ್ಣು ಹೋಗಿತ್ತು. ದಪ್ಪ ದಂಡಿಯ ಶಮಿಸೆನ್ ಹೆಗಲಿಗೇರಿಸಿ, ಹಿಮದಲ್ಲಿ ಮನೆಮನೆಯ ಬಾಗಿಲಲ್ಲಿ ನಿಂತು ನುಡಿಸಿ, ಕೊಟ್ಟಷ್ಟು ಅಕ್ಕಿ ತರುತ್ತಿದ್ದರು. ನಮ್ಮ ಮನೆಗೂ ಹಿಂಬಾಗಿಲಿನಿಂದಲೇ ಬರಬೇಕು. ಅಣ್ಣನ ಮನೆಗೆ, ಹಿಂಬಾಗಿಲಿನಿಂದ! ನಾನು ಬಿಸಿ ಮಿಸೊ ಸಾರು ಬಡಿಸಿದರೆ, "ಬೇಗ ಕುಡಿದು ಹೋಗ್ತೀನಿ ಕಣಮ್ಮ, ನಿನ್ನ ಮಾವಂಗೆ ಕಸಿವಿಸಿ ಆಗತ್ತೆ" ಎನ್ನುತ್ತಿದ್ದರು.

ಒಂದು ಚಳಿಗಾಲ ಅವರಿಗೆ ಎದೆ ಕಟ್ಟಿ ಕೆಮ್ಮು ಹಿಡಿಯಿತು. ನಾನೂ ಕಿನುವೂ ಹಟ ಮಾಡಿ ಹಿಂದಿನ ಕೋಣೆಯಲ್ಲಿ ಮಲಗಿಸಿದೆವು. ವಸಂತದ ಹೂವಿನ ಕೂಟದಲ್ಲಿ ಜಾನಪದ ಹಾಡಿನ ತಂಡವೊಂದಕ್ಕೆ ನುಡಿಸುವುದಾಗಿ ಅವರು ಮಾತು ಕೊಟ್ಟುಬಿಟ್ಟಿದ್ದರು. ಅವರ ಜೀವಮಾನದಲ್ಲಿ ಯಾರೋ ಅವರನ್ನು ಮುಂಬಾಗಿಲಿಗೆ ಬಂದು ಕರೆದದ್ದು ಅದೊಂದೇ ಸಲ. ಈಗ ನೋಡಿದರೆ ಅವರಿಗೆ ಬಚಿ ಹಿಡಿಯುವಷ್ಟೂ ಶಕ್ತಿ ಇರಲಿಲ್ಲ. "ನಾನು ನುಡಿಸ್ತೀನಿ, ಹೇಳ್ಕೊಡಿ ಚಿಕ್ಕಪ್ಪ" ಅಂದಳು ಕಿನು.

ಸ್ನಾನದ ಮನೆಯ ಹಬೆ ತಾಗಿದರೆ ವಾದ್ಯದ ಚರ್ಮ ಸಡಿಲವಾಗಿ ಬಿರಿಯುತ್ತದೆ. ಹಾಗಾಗಿ ಇಬ್ಬರೂ ಸೌದೆಯ ಕೊಟ್ಟಿಗೆಯಲ್ಲಿ ಕೂತರು. ಚಿಕ್ಕಪ್ಪನ ವಾದ್ಯಕ್ಕೆ ನಾಯಿಯ ದಪ್ಪ ಚರ್ಮ, ದಪ್ಪ ತಂತಿ, ಬೆರಳ ಉಗುರಿನಷ್ಟು ತಗ್ಗಾದ ಬಿದಿರಿನ ಕುದುರೆ. ಬಚಿಯೂ ಪುಟ್ಟದು, ತುದಿಗೆ ಬಾಗಿ ಪುಟಿಯುವ ಆಮೆಯ ಚಿಪ್ಪು. ಕಿನು ಅಭ್ಯಾಸಬಲದಿಂದ ತನ್ನ ದಂತದ ಬಚಿಯನ್ನೇ ತಂದಿದ್ದಳು. ಚಿಕ್ಕಪ್ಪ ಅದನ್ನು ತಡವಿ ನೋಡಿ ನಕ್ಕರು.

"ಇದೇನೇ, ಅನ್ನ ಬಡಿಸೋ ಸಟ್ಟುಗ ತಂದಿದೀಯಲ್ಲ! ಇದನ್ನ ಹಿಡ್ಕೊಂಡು ಗಾಳಿಗೆದುರು ಹೇಗೆ ನುಡಿಸ್ತೀಯ?"

"ಗಾಳಿ ಎಲ್ಲಿದೆ ಚಿಕ್ಕಪ್ಪ, ಕೂಟ ಇರೋದು ಸಭಾಂಗಣದೊಳಗೆ."

"ವಾದ್ಯಕ್ಕೆ ಅದು ಗೊತ್ತಾ? ಇದು ಹುಟ್ಟಿದ್ದೇ ಮುಚ್ಚಿದ ಬಾಗಿಲಿನ ಆಚೆ. ಒಳಗಿರೋರಿಗೆ ಕೇಳಬೇಕು. ಸವರಬೇಡ ಮಗಳೇ, ಬಡಿ. ಚರ್ಮಕ್ಕೂ ತಂತಿಗೂ ಒಂದೇ ಏಟು!"

ಎಡಗೈ ದಂಡಿಯ ಮೇಲೆ ಜಾರಲೆಂದು ಹೆಬ್ಬೆರಳಿಗೂ ತೋರುಬೆರಳಿಗೂ ಹಾಕುವ ಉಣ್ಣೆಯ ಪಟ್ಟಿಯನ್ನು ನಾನೇ ಹೆಣೆದುಕೊಟ್ಟೆ. ಹಿಮ ಕರಗುವ ಹೊತ್ತಿಗೆ ಕೊಟ್ಟಿಗೆಯಿಂದ ಬರುತ್ತಿದ್ದ ಸದ್ದು ಚಿಕ್ಕಪ್ಪನದೋ ಕಿನುವಿನದೋ ತಿಳಿಯುತ್ತಿರಲಿಲ್ಲ.

ಕೂಟದಲ್ಲಿ ಜನ ಹುಚ್ಚೆದ್ದು ಕೂಗಿದರು. ಸುದ್ದಿ ಗುರುವಮ್ಮನಿಗೆ ಮುಟ್ಟಿ ಕರೆ ಬಂತು. ಕಿನುವಿನ ಜೊತೆ ನಾನೂ ಹೋದೆ. ಶಿಷ್ಯೆಯರನ್ನೆಲ್ಲ ಸಾಲಾಗಿ ಕೂರಿಸಿ ಕಾಯುತ್ತಿದ್ದರು ಆಕೆ. ಬೇಕೆಂದೇ.

"ತಿರಿದು ತಿನ್ನೋರ ವಾದ್ಯ ಮುಟ್ಟಿದೆಯಂತೆ?"

"ಅದು ನಮ್ಮ ಚಿಕ್ಕಪ್ಪಂದು ಅಮ್ಮಾವ್ರೇ."

"ಓಹೋ. ಇಷ್ಟು ದಿನ ಮುಚ್ಚಿಟ್ಟಿದ್ದೆ."

"ಮುಚ್ಚಿಡ್ಲಿಲ್ಲ. ನೀವು ಕೇಳ್ಲಿಲ್ಲ."

"ಆ ದಪ್ಪ ದಂಡಿ ಹಿಡಿದ ಕೈಗೆ ಇನ್ನು ನಾಜೂಕು ಬರಲ್ಲ. ಒರಟು ವಾದ್ಯ, ಒರಟು ಜನ."

ಕಿನು ತಲೆಯೆತ್ತಿದಳು. "ಓಸಾಕಾದ ಗೊಂಬೆಯಾಟದವರದ್ದೂ ದಪ್ಪ ದಂಡೀನೇ ಅಲ್ವಾ? ರೇಡಿಯೋದಲ್ಲಿ ಅದನ್ನ ಕೇಳಿ ನೀವೇ ಕಣ್ಣೊರೆಸ್ಕೊಂಡ್ರಿ."

"ಅದು ಬೇರೆ! ಅವರ ಕುದುರೆಯೊಳಗೆ ಸೀಸ ಇರತ್ತೆ, ಬಚಿ ಗಟ್ಟಿ, ನಾದ ಗಂಭೀರ. ಇದು ನಾಯಿ ಬೊಗಳಿದ ಹಾಗೆ."

"ಬೇರೆ ಅಂತ ನಂಗೂ ಗೊತ್ತು. ಬೇರೆ ಅಂದ್ರೆ ಕೀಳು ಅಂತ ಯಾವಾಗ ಆಯ್ತು ಅಮ್ಮಾವ್ರೇ?"

ಗುರುವಮ್ಮ ತಾವೇ ಎದ್ದು ಗೋಡೆಯಿಂದ ಕಿನುವಿನ ಹೆಸರಿನ ಪಟ್ಟಿ ಕಿತ್ತು ಚಾಪೆಯ ಮೇಲೆ ಎಸೆದರು. ಜೊತೆಯಲ್ಲಿ ಕಲಿತ ಒಬ್ಬಳಾದರೂ ಬಾಯಿ ಬಿಟ್ಟಳೇ? ಇಲ್ಲ. ಹೊರಗೆ ಬಂದಾಗ ನನಗೆ ಅಳು ಬಂತು. ಕಿನು ಅಳಲಿಲ್ಲ. "ಅತ್ತಿಗೆ, ಹಸಿವಾಗ್ತಿದೆ. ಮೀನಿನ ಕಟ್ಲೆಟ್ ಕೊಡಿಸ್ತೀರಾ?" ಅಂದಳು. ಅಂಗಡಿಯ ಮುಂದೆ ನಿಂತೇ ತಿಂದೆವು.

ಚಿಕ್ಕಪ್ಪ ಮಾತ್ರ ಒಳಗೊಳಗೇ ಕುಗ್ಗಿದರು. "ಹೋಗಿ ತಪ್ಪಾಯ್ತು ಅನ್ನು ಮಗಳೇ. ನಾನು ಇವತ್ತೋ ನಾಳೆಯೋ" ಎಂದು ದಿನವೂ ಗೋಗರೆಯುತ್ತಿದ್ದರು. ಸೇಬು ಕೊಯ್ಯುವ ಕಾಲಕ್ಕೆ ತೀರಿಕೊಂಡರು. ಬೂದಿಯನ್ನು ಮನೆತನದ ಸಮಾಧಿಯಲ್ಲಿ ಇಡುವುದೋ ಬೇಡವೋ ಎಂದು ಮಾವ ಅನುಮಾನಿಸಿದರು. ನೆಂಟರು ಏನೆಂದಾರು ಎಂಬ ಚಿಂತೆ ಅವರಿಗೆ.

"ಅಪ್ಪಾ, ಅವರನ್ನ ಮಣ್ಣಿಗೂ ಹಿಂಬಾಗಿಲಿಂದಲೇ ಕಳಿಸ್ತೀರಾ?" ಎಂದು ಕಿನು ಎಲ್ಲರ ಮುಂದೆ ಕೇಳಿದಳು. ಮಾವ ಮುಖ ತಿರುಗಿಸಿಕೊಂಡರು. ಮರುದಿನ ಬೂದಿಯ ಪಾತ್ರೆಯನ್ನು ತಾವೇ ಎದೆಗೊತ್ತಿಕೊಂಡು, ಮುಂಬಾಗಿಲಿನಿಂದ ಇಳಿದು ಸಮಾಧಿಗೆ ಹೊತ್ತೊಯ್ದರು.

ಕಿನು ಆ ಜಾನಪದ ತಂಡದ ಜೊತೆ ಊರೂರು ತಿರುಗಿದಳು. ಹೆಣ್ಣು ಕೇಳಲು ಬಂದಿದ್ದ ವರನ ಕಡೆಯವರೆಲ್ಲ ತೆಪ್ಪಗಾದರು. "ತಿರುಕರ ಹಾಡಿನವಳು" ಎಂದು ಸ್ನಾನದ ತೊಟ್ಟಿಯಲ್ಲೇ, ನನ್ನ ಕಿವಿಗೆ ಬೀಳುವಂತೆ ಹೆಂಗಸರು ಆಡಿಕೊಂಡರು. ಅವರಿಗೆ ನಾನೇ ಬಿಸಿನೀರು ಕಾಯಿಸಿ ಕೊಡಬೇಕು, ನೋಡಿ.

ವರ್ಷಗಳು ಕಳೆದವು. ಟೋಕಿಯೋದವರು ನಮ್ಮ ತ್ಸುಗರು ಸೀಮೆಯ ದಪ್ಪ ದಂಡಿಯ ಶಮಿಸೆನ್ ಕೇಳಿ ತಲೆದೂಗಿದರು. ಅಷ್ಟೇ, ಊರಿಗೆ ಊರೇ ಮಗ್ಗುಲು ಬದಲಿಸಿತು. ಹಗಿನೊ ಶಾಲೆಯ ಮುಂದೆ "ಇಲ್ಲಿ ತ್ಸುಗರು ಶೈಲಿಯನ್ನೂ ಕಲಿಸಲಾಗುವುದು" ಎಂಬ ಹೊಸ ಫಲಕ! ಗುರುವಮ್ಮನ ಸಾಕುಮಗಳು ಸಿಹಿಯ ಪೆಟ್ಟಿಗೆ ಹಿಡಿದು ಬಂದಳು, ಶಾಲೆಯ ವಾರ್ಷಿಕೋತ್ಸವದಲ್ಲಿ ಕಿನು ನುಡಿಸಬೇಕಂತೆ.

"ಬರ್ತೀನಿ. ಅದಕ್ಕೆ ಮುಂಚೆ ಅಮ್ಮಾವ್ರು ಒಂದ್ಸಲ ಬಂದು ನಮ್ಮ ಚಿಕ್ಕಪ್ಪನ ಪಟದ ಮುಂದೆ ಒಂದು ಊದುಬತ್ತಿ ಹಚ್ಚಲಿ, ಸಾಕು."

"ಅಮ್ಮಂಗೆ ಮಂಡಿನೋವು" ಅಂದಳು ಸಾಕುಮಗಳು.

ಆಗಲೇ ಊರ ತುಂಬ ಭಿತ್ತಿಪತ್ರ ಅಂಟಿಸಿದ್ದರು: "ನಮ್ಮ ಶಾಲೆಯ ಹೆಮ್ಮೆಯ ಶಿಷ್ಯೆ." ಅದನ್ನು ಓದಿದ ದಿನ ಕಿನು ಊಟ ಮಾಡಲಿಲ್ಲ. ಆದರೂ ಉತ್ಸವಕ್ಕೆ ಹೋದಳು. ಬೇಡ ಅಂದೆ, ಕೇಳಲಿಲ್ಲ.

ಕಪ್ಪು ಕಿಮೊನೊ ಉಟ್ಟು ವೇದಿಕೆಯ ಮೇಲೆ ಒಬ್ಬಳೇ ಕೂತಳು. ಬಿರಡೆ ತಿರುಗಿಸಿ ಶ್ರುತಿ ಮಾಡಿಕೊಂಡು, ನುಡಿಸುವ ಮೊದಲು ಸಭೆಗೆ ಬಾಗಿ ನಮಸ್ಕರಿಸಿ ಹೇಳಿದಳು:

"ಇಲ್ಲೊಂದು ತಪ್ಪಾಗಿದೆ. ನಾನು ಈ ಶಾಲೆಯ ಶಿಷ್ಯೆ ಅಲ್ಲ. ಇಲ್ಲಿಂದ ನನ್ನ ಹೊರಗೆ ಹಾಕಿ ಬಹಳ ವರ್ಷ ಆಯ್ತು. ನನ್ನ ಗುರು ಯೊಸಾಕು. ನಿಮ್ಮಲ್ಲಿ ತುಂಬಾ ಜನ ಅವರ ಮುಖದ ಮೇಲೆ ಬಾಗಿಲು ಹಾಕ್ಕೊಂಡಿದೀರಿ. ಇವತ್ತು ಟಿಕೆಟ್ ತಗೊಂಡು ಬಂದಿದೀರಲ್ಲ, ಕೂತ್ಕೊಂಡು ಕೇಳಿ."

ಮೊದಲ ಏಟಿಗೇ ಸಭಾಂಗಣ ಅದುರಿತು. ಹೂವಿನ ಕೂಟದಲ್ಲಿ ನುಡಿಸಿದ್ದ ಅದೇ ಹಾಡು. ಅಂಥ ಸಿಟ್ಟನ್ನು ಅಷ್ಟು ಶ್ರುತಿಶುದ್ಧವಾಗಿ ನಾನು ಬೇರೆಲ್ಲೂ ಕೇಳಿಲ್ಲ. ಮುಂದಿನ ಸಾಲಿನಲ್ಲಿದ್ದ ಗುರುವಮ್ಮ ಕೊನೆಯವರೆಗೂ ಮಡಿಲಿನ ಬೀಸಣಿಗೆಯನ್ನೇ ನೋಡುತ್ತಿದ್ದರು. ಕೆಲವರು ಎದ್ದು ಹೋದರು. ಉಳಿದವರು ನಿಂತು ಚಪ್ಪಾಳೆ ತಟ್ಟಿದರು. ಹಿಂದೆ ಆಡಿಕೊಂಡಿದ್ದ ಹೆಂಗಸರೂ ಅವರಲ್ಲಿದ್ದರು. ಅವರ ಚಪ್ಪಾಳೆಯನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ಶಾಲೆಯ ಕಡೆಯವರು ನಮ್ಮ ಸ್ನಾನದ ಮನೆಗೆ ಕಾಲಿಡುವುದನ್ನು ಬಿಟ್ಟರು. ಗುರುವಮ್ಮ ಊದುಬತ್ತಿ ಹಚ್ಚಲು ಬರದೆಯೇ ತೀರಿಕೊಂಡರು. ಕಿನು ಅವರ ಅಂತ್ಯಕ್ರಿಯೆಗೆ ಹೋಗಿ, ಕೈಮುಗಿದು ಬಂದಳು. "ಸಣ್ಣ ದಂಡಿ ಹಿಡಿಯೋದು ಕಲಿಸಿದ್ದು ಅವರೇ ಅಲ್ವಾ ಅತ್ತಿಗೆ" ಅಂದಳು. ನಾನು ಹೋಗಲಿಲ್ಲ.

ಈಗ ಅವಳ ಬಳಿ ಕಲಿಯಲು ಎಲ್ಲೆಲ್ಲಿಂದಲೋ ಬರುತ್ತಾರೆ. ಎರಡೂ ದಂಡಿ ಕಲಿಸುತ್ತಾಳೆ. ಹೋದ ವರ್ಷ ಊರಿನವರು ಉದ್ಯಾನದಲ್ಲಿ "ಅಲೆಮಾರಿ ವಾದಕರ ನೆನಪಿಗೆ" ಎಂದು ಒಂದು ಕಲ್ಲು ನೆಟ್ಟರು. ಅದರಲ್ಲಿ ದಾನಿಗಳೆಂದು ಹಗಿನೊ ಶಾಲೆಯ ಹೆಸರು ದಪ್ಪ ಅಕ್ಷರದಲ್ಲಿದೆ. ಯೊಸಾಕುವಿನ ಹೆಸರಿಲ್ಲ. ಯಾಕೆ ಎಂದು ಕೇಳಲು ಹೋದೆ. "ಎಲ್ಲರ ಹೆಸರು ಹಾಕಕ್ಕೆ ಜಾಗ ಎಲ್ಲಿದೆ ಅಜ್ಜಿ?" ಅಂದರು.

ಅಷ್ಟು ದೊಡ್ಡ ಕಲ್ಲಿನಲ್ಲಿ, ಜಾಗ ಇಲ್ಲವಂತೆ.